ಗಿರಿ, ರೆಡ್ಡಿ ಮತ್ತು ನರಗುಂದದ ವೀರಗಲ್ಲು

ದೀಪಾವಳಿಗೆ ಗಜೇಂದ್ರಗಡಕ್ಕೆ ಹೋದಾಗಲೆಲ್ಲ ನಮ್ಮ ಮನೆ ಕಟ್ಟೆ ಮೇಲೆ ಒಂದು ಜಗಳ ಗ್ಯಾರಂಟಿ. ಒಂದು ಕಡೆ ನಮ್ಮಜ್ಜ. ಎಂಬತ್ತು ದಾಟಿದೆ, ಜೀವನವಿಡೀ ಕೈಮಗ್ಗದ ಮುಂದೆ ಕುಳಿತವರು. ಇನ್ನೊಂದು ಕಡೆ ನರಗುಂದದಿಂದ ಬರುವ ಬೀಗರು. ಹೊಲ ಇರುವ ರೈತರು. ಜಗಳದ ವಿಷಯ ಕೇಳಿದರೆ ನಗ್ತೀರಿ... 1969ರ ರಾಷ್ಟ್ರಪತಿ ಚುನಾವಣೆ!

"ಗಿರಿ ಅಂದ್ರ ದುಡಿಯೋ ಮಂದಿ ಮನಷ್ಯಾ ರೀ ಬೀಗರ. ರೈಲ್ವೆ ಮಂದೀಗೆ ಯೂನಿಯನ್ ಕಟ್ಟಿದಾಂವ" ಅಂತ ಅಜ್ಜ.

"ರೆಡ್ಡಿ ನಮ್ಮ ನಿಜಲಿಂಗಪ್ಪನವರು ನಿಲ್ಲಿಸಿದ ಕ್ಯಾಂಡಿಡೇಟ್ ರೀ. ಅವರೇನ್ ಬಡವರ ವೈರಿಯಾಗಿದ್ರೇನು?" ಅಂತ ಬೀಗರು.

ತಮಾಷೆ ಅಂದ್ರೆ ಇಬ್ಬರಿಗೂ ಅಲ್ಲಿ ವೋಟೇ ಇರಲಿಲ್ಲ. ರಾಷ್ಟ್ರಪತಿಯನ್ನು ಆರಿಸೋದು ಎಂಪಿಗಳು, ಎಂಎಲ್ಎಗಳು. ಆದರೂ ಐವತ್ತು ವರ್ಷ ದಾಟಿದ ಮೇಲೂ ಈ ಜಗಳ ಯಾಕೆ ಮುಗಿದಿಲ್ಲ ಅಂತ ಕುತೂಹಲ ಆಯ್ತು. ಬೆಂಗಳೂರಿಗೆ ವಾಪಸ್ ಬಂದ ಮೇಲೆ ಒಂದಿಷ್ಟು ಓದಿದೆ.

1969ರ ಮೇ 3ರಂದು ರಾಷ್ಟ್ರಪತಿ ಝಾಕಿರ್ ಹುಸೇನ್ ತೀರಿಕೊಂಡರು. ಉಪರಾಷ್ಟ್ರಪತಿ ವಿ.ವಿ. ಗಿರಿ ಹಂಗಾಮಿ ರಾಷ್ಟ್ರಪತಿಯಾದರು. ಮುಂದಿನವರು ಯಾರು ಅನ್ನೋ ಪ್ರಶ್ನೆಗೆ ಕಾಂಗ್ರೆಸ್ ಉತ್ತರ ಹುಡುಕಿದ್ದು ನಮ್ಮ ಬೆಂಗಳೂರಿನಲ್ಲೇ, ಆ ವರ್ಷದ ಜುಲೈನಲ್ಲಿ. ಆಗ ಪಕ್ಷದ ಅಧ್ಯಕ್ಷರು ಎಸ್. ನಿಜಲಿಂಗಪ್ಪ. ಇಂದಿರಾ ಗಾಂಧಿ ಜಗಜೀವನ್ ರಾಮ್ ಹೆಸರು ಹೇಳಿದರು, ಪಕ್ಷದ ಹಿರಿಯರು ನೀಲಂ ಸಂಜೀವ ರೆಡ್ಡಿಯವರನ್ನು ಆರಿಸಿದರು. ಕೆಲವೇ ದಿನಗಳಲ್ಲಿ, ಜುಲೈ 19ರಂದು, 14 ಬ್ಯಾಂಕುಗಳ ರಾಷ್ಟ್ರೀಕರಣ. ಆ ಸುಗ್ರೀವಾಜ್ಞೆಗೆ ಸಹಿ ಹಾಕಿದ ಗಿರಿ ಮರುದಿನ ರಾಜೀನಾಮೆ ಕೊಟ್ಟು ಪಕ್ಷೇತರರಾಗಿ ಕಣಕ್ಕಿಳಿದರು. ಇಂದಿರಾ 'ಆತ್ಮಸಾಕ್ಷಿ ಮತ' ಅಂದರು. ಮೂರನೆಯವರಾಗಿ ಸಿ.ಡಿ. ದೇಶಮುಖ್ ಇದ್ದರು. ಮೊದಲ ಪ್ರಾಶಸ್ತ್ಯದ ಮತಗಳಲ್ಲಿ ಯಾರಿಗೂ ಬಹುಮತ ಬರದೆ, ಎರಡನೇ ಪ್ರಾಶಸ್ತ್ಯ ಎಣಿಸಿದ ಮೇಲೆ ಗಿರಿ ಗೆದ್ದರು. ಗಿರಿಗೆ 4,20,077, ರೆಡ್ಡಿಗೆ 4,05,427. ಅದೇ ವರ್ಷದ ನವೆಂಬರಿನಲ್ಲಿ ಕಾಂಗ್ರೆಸ್ ಎರಡು ಹೋಳು.

ಗಿರಿಯವರ ಹಿನ್ನೆಲೆ ಸುಳ್ಳಲ್ಲ. ಅಖಿಲ ಭಾರತ ರೈಲ್ವೆಮೆನ್ಸ್ ಫೆಡರೇಶನ್ ಕಟ್ಟಿದವರಲ್ಲಿ ಅವರೊಬ್ಬರು. 1954ರಲ್ಲಿ ಬ್ಯಾಂಕ್ ನೌಕರರಿಗೆ ಸಿಕ್ಕ ತೀರ್ಪನ್ನು ಸರ್ಕಾರ ಬದಲಾಯಿಸಿತು ಅಂತ ಕಾರ್ಮಿಕ ಮಂತ್ರಿ ಪದವಿಯನ್ನೇ ಬಿಟ್ಟವರು. ಅಂದರೆ ನಮ್ಮಜ್ಜ ಗೆದ್ದ ಹಾಗೇ ಅಲ್ವಾ?

ಸ್ವಲ್ಪ ತಾಳಿ. 1974ರ ಮೇ 8ಕ್ಕೆ ದೇಶದಾದ್ಯಂತ ರೈಲ್ವೆ ಮುಷ್ಕರ ಶುರುವಾಯ್ತು. ಮುಂದೆ ನಿಂತವರು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್, ಗಿರಿಯವರದೇ ಹಳೆಯ ಫೆಡರೇಶನ್ನಿನ ಅಧ್ಯಕ್ಷರು. ಸರ್ಕಾರ ಸಾವಿರಾರು ಜನರನ್ನು ಜೈಲಿಗೆ ಹಾಕಿತು, ಮುಷ್ಕರ ಮೇ 27ಕ್ಕೆ ಮುಗಿದುಹೋಯ್ತು. ಆಗ ರಾಷ್ಟ್ರಪತಿ ಭವನದಲ್ಲಿ ಇದ್ದದ್ದು ಯಾರು? ಅದೇ ವಿ.ವಿ. ಗಿರಿ! ರಾಷ್ಟ್ರಪತಿ ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕು, ನಿಜ. ಆದರೆ ಅದೇ ನನ್ನ ಪಾಯಿಂಟು. ದುಡಿಯುವವರ ನಡುವಿನಿಂದ ಬಂದವರನ್ನು ಆ ಕುರ್ಚಿಯಲ್ಲಿ ಕೂರಿಸಿದರೂ ಮಾತಾಡೋದು ಕುರ್ಚಿಯೇ.

ಇನ್ನು ಬೀಗರ ಕಡೆಯ ಕಥೆ. 1969ರಲ್ಲಿ ಸೋತ ಸಂಜೀವ ರೆಡ್ಡಿ 1977ರಲ್ಲಿ ಅವಿರೋಧವಾಗಿ ರಾಷ್ಟ್ರಪತಿಯಾದರು. 1980ರ ಜುಲೈ 21ರಂದೂ ಅವರೇ ರಾಷ್ಟ್ರಪತಿ. ಆ ತಾರೀಖು ನಮ್ಮ ಕಡೆಯವರಿಗೆ ಹೇಳಿಕೊಡಬೇಕಿಲ್ಲ.

ಮಲಪ್ರಭೆಗೆ ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟಿ ಕಾಲುವೆ ತಂದಿದ್ದರು. ನೀರು ಸರಿಯಾಗಿ ಬರಲಿ ಬಿಡಲಿ, ಜಮೀನಿನ ಬೆಲೆ ಏರಿದೆ ಅಂತ ಸರ್ಕಾರ ಬೆಟರ್‌ಮೆಂಟ್ ಲೆವಿ ಕೇಳಿತು, ಜೊತೆಗೆ ನೀರಿನ ಕರ. ಹತ್ತಿ ಬೆಲೆ ಕುಸಿದಿತ್ತು. ನರಗುಂದ, ನವಲಗುಂದದ ರೈತರು ಬೀದಿಗಿಳಿದರು. ಗೋಲಿಬಾರಿನಲ್ಲಿ ನರಗುಂದದಲ್ಲಿ ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ, ನವಲಗುಂದದಲ್ಲಿ ಅಳಗವಾಡಿಯ ಬಸಪ್ಪ ಲಕ್ಕುಂಡಿ ಸತ್ತರು. ರೊಚ್ಚಿಗೆದ್ದ ಜನರ ಕೈಯಲ್ಲಿ ಪೊಲೀಸರೂ ಜೀವ ಕಳೆದುಕೊಂಡರು, ಅದನ್ನೂ ಮರೆಯಬಾರದು. ಕಿಚ್ಚು ರಾಜ್ಯಕ್ಕೆಲ್ಲ ಹಬ್ಬಿತು. ರಾಜ್ಯ ರೈತ ಸಂಘ ಹುಟ್ಟಿತು. ಅಪ್ಪಣೆಯಿಲ್ಲದೆ ಅಧಿಕಾರಿಗಳು ಊರೊಳಗೆ ಬರಬಾರದು ಅಂತ ಹಳ್ಳಿಗಳಲ್ಲಿ ಬೋರ್ಡು ಬಿದ್ದವು. 1983ರಲ್ಲಿ ಗುಂಡೂರಾವ್ ಸರ್ಕಾರವನ್ನು ಜನ ಸೋಲಿಸಿದ್ದಕ್ಕೆ ಇದೂ ಒಂದು ಕಾರಣ.

ಅಂದರೆ ಗಿರಿ ಗೆದ್ದಾಗಲೂ, ರೆಡ್ಡಿ ಗೆದ್ದಾಗಲೂ ದುಡಿಯುವವರ ಮಾತು ಅಲ್ಲಿಂದ ಕೇಳಿಬರಲಿಲ್ಲ. ಅದು ಕೇಳಿಬಂದದ್ದು ನರಗುಂದದ ಬೀದಿಯಿಂದ. ಈ ತೀರ್ಮಾನವನ್ನು ಹೋದ ಸಲ ಕಟ್ಟೆ ಮೇಲೆ ಹೆಮ್ಮೆಯಿಂದ ಮಂಡಿಸಿದೆ. ಬೀಗರು ಖುಷಿಯಾಗಿ ತಲೆ ಅಲ್ಲಾಡಿಸಿದರು. ಅಜ್ಜ ಮಾತ್ರ ಎಲೆ ಅಡಿಕೆ ಅಗಿಯುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು,

"ಲೆವಿ ಹೊಲ ಇದ್ದಾವರ ಮ್ಯಾಲಿತ್ತಲ್ಲೋ ತಮ್ಮಾ. ಆ ಹೊಲದಾಗ ಕಳೆ ತೆಗೆಯೋ ಹೆಣಮಕ್ಕಳ ಕೂಲಿ ಬಗ್ಗೆ ಯಾರರೆ ಬಂದ್ ಮಾಡಿದ್ರೇನು? ಮಗ್ಗದ ಮುಂದ ಕುಂತಾವನ ಬಗ್ಗೆ?"

ಬೀಗರು ಸುಮ್ಮನಾದರು. ನಾನೂ. ಗೋಲಿಗೆ ಎದೆಯೊಡ್ಡಿದವರನ್ನು ಈ ಪ್ರಶ್ನೆ ಸಣ್ಣವರನ್ನಾಗಿ ಮಾಡೋದಿಲ್ಲ. ಆದರೆ ಹೊಲ ಇರುವ ರೈತ ತನ್ನ ಪರ ತಾನೇ ಮಾತಾಡಿದಾಗಲೂ, ಆ ಹೊಲಕ್ಕೆ ಕೂಲಿಗೆ ಬರುವವಳು ಕಾಯುತ್ತಲೇ ಇರಬೇಕಾಯ್ತು ಅನ್ನೋದನ್ನು ಇದು ನೆನಪಿಸತ್ತೆ.

ನನ್ನ ಕಥೆಯೂ ಅಷ್ಟೇ. 2024ರ ಜುಲೈನಲ್ಲಿ ಐಟಿ ನೌಕರರ ಕೆಲಸದ ಅವಧಿಯನ್ನು ದಿನಕ್ಕೆ 14 ಗಂಟೆವರೆಗೆ ಒಯ್ಯುವ ಪ್ರಸ್ತಾಪದ ಸುದ್ದಿ ಬಂದಾಗ ನೌಕರರ ಯೂನಿಯನ್ ವಿರೋಧಿಸಿತು. ನಾನು ಮೆಸೇಜು ಫಾರ್ವರ್ಡ್ ಮಾಡಿ, ಲ್ಯಾಪ್‌ಟಾಪ್ ತೆಗೆದು ಕೆಲಸಕ್ಕೆ ಕೂತೆ. ನನ್ನ ಪರ ಬೇರೆ ಯಾರೋ ಮಾತಾಡ್ತಾರೆ ಅಂತ!

ಮುಂದಿನ ಸಲ ಊರಿಗೆ ಹೋಗುವಾಗ ನರಗುಂದದಲ್ಲಿ ಇಳಿದು ವೀರಗಲ್ಲು ನೋಡಿಕೊಂಡು ಹೋಗಬೇಕು ಅಂದುಕೊಂಡಿದ್ದೇನೆ. ಅಜ್ಜನ ಪ್ರಶ್ನೆಗೆ ನಿಮ್ಮ ಹತ್ತಿರ ಉತ್ತರ ಇದ್ದರೆ ಹೇಳಿ. ದೀಪಾವಳಿಯೊಳಗೆ ಬೇಕು :-)