ಕೆಂಪು ಚೀಟಿ ಎತ್ತಿದ ಹುಡುಗರು ಮತ್ತು ಏಡ್ಸ್

ಥಾಯ್ಲೆಂಡಿನ ಸೇನೆಗೆ ಯುವಕರನ್ನು ಆರಿಸುವ ಕ್ರಮ ವಿಚಿತ್ರವಾದದ್ದು. 21 ವರ್ಷದ ಹುಡುಗರು ಏಪ್ರಿಲ್ ತಿಂಗಳಲ್ಲಿ ಸಾಲಾಗಿ ನಿಂತು ಚೀಟಿ ಎತ್ತುತ್ತಾರೆ. ಕಪ್ಪು ಬಂದರೆ ಮನೆಗೆ; ಕೆಂಪು ಬಂದರೆ ಎರಡು ವರ್ಷ ಸೇನೆಗೆ. ಹೀಗೆ ಅದೃಷ್ಟದ ಮೇಲೆ ಆಯ್ಕೆಯಾದ ಈ ಹುಡುಗರೇ ಒಂದು ಕಾಲಕ್ಕೆ ದೇಶದ ಕಣ್ಣು ತೆರೆಸಿದರು.

1989ರ ನವೆಂಬರ್‌ನಲ್ಲಿ ಸೇನೆಯು ಹೊಸಬರ ರಕ್ತದಲ್ಲಿ ಎಚ್‌ಐವಿ ಪರೀಕ್ಷೆ ಆರಂಭಿಸಿತು. ಆಗ ಸುಮಾರು 200 ಮಂದಿಯಲ್ಲಿ ಒಬ್ಬರಿಗೆ ಸೋಂಕಿತ್ತು. 1993ರ ವೇಳೆಗೆ 25 ಮಂದಿಯಲ್ಲಿ ಒಬ್ಬರಿಗೆ! ಉತ್ತರದ ಪ್ರಾಂತ್ಯಗಳಲ್ಲಂತೂ ಪ್ರಮಾಣ ಶೇ 10ನ್ನು ದಾಟಿತ್ತು.

ಎಚ್‌ಐವಿ ಹರಡುವುದು ಅಸುರಕ್ಷಿತ ಲೈಂಗಿಕ ಸಂಪರ್ಕ, ಸೋಂಕಿತ ರಕ್ತ ಹಾಗೂ ಸೂಜಿಗಳಿಂದ, ತಾಯಿಯಿಂದ ಮಗುವಿಗೆ. ಬ್ಯಾರಕ್ಕಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡರೆ, ಕೈ ಕುಲುಕಿದರೆ, ಸೊಳ್ಳೆ ಕಚ್ಚಿದರೆ ಹರಡದು. ಆದರೆ ಇದನ್ನು ತಿಳಿದವರೂ ಜಾರುತ್ತಿದ್ದರು. ಸಂಬಳ ಬಂದ ದಿನ ಗೆಳೆಯರೊಡನೆ ಕುಡಿಯುವುದು, ಎಲ್ಲರೂ ಒಟ್ಟಿಗೆ ವೇಶ್ಯಾಗೃಹಕ್ಕೆ ಹೋಗುವುದು ಆ ಹುಡುಗರಿಗೆ ಗಂಡಸುತನದ ಗುರುತಾಗಿತ್ತು. ಗುಂಪಿನ ಮುಂದೆ ತಿಳಿವಳಿಕೆ ಸೋಲುತ್ತಿತ್ತು.

ಇದಕ್ಕೆ ಪರಿಹಾರ ಹುಡುಕಿದವರಲ್ಲಿ ಡಾ. ವಿವಾಟ್ ರೋಜನಪಿಥಯಾಕೊರ್ನ್ ಪ್ರಮುಖರು. 1989ರಲ್ಲಿ ರಾಚ್ಚಬುರಿ ಪ್ರಾಂತ್ಯದಲ್ಲಿ ಅವರು ಆರಂಭಿಸಿದ ಯೋಜನೆಯ ನಿಯಮ ಸರಳ: ಪ್ರತಿ ವೇಶ್ಯಾಗೃಹದಲ್ಲೂ ಕಾಂಡೋಮ್ ಕಡ್ಡಾಯ. ಒಂದು ಕಡೆ ಒಲ್ಲೆ ಎಂದ ಗಿರಾಕಿಗೆ ಇನ್ನೊಂದು ಕಡೆಯೂ ಬಾಗಿಲು ಮುಚ್ಚಿರಬೇಕು. ಸರ್ಕಾರ ಕಾಂಡೋಮ್‌ಗಳನ್ನು ಉಚಿತವಾಗಿ ಕೊಟ್ಟಿತು. ಲೈಂಗಿಕ ರೋಗಕ್ಕೆ ಚಿಕಿತ್ಸೆಗೆ ಬಂದ ಗಂಡಸರನ್ನು ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿ, ನಿಯಮ ಮುರಿದ ಮನೆಗಳನ್ನು ಪತ್ತೆ ಹಚ್ಚಲಾಗುತ್ತಿತ್ತು. ಗಿರಾಕಿಯೊಡನೆ ವಾದಿಸುವ ಹೊರೆ ಅಸಹಾಯಕ ಹೆಣ್ಣಿನ ತಲೆಯಿಂದ ಇಳಿಯಿತು. 1991ರಲ್ಲಿ ಆನಂದ್ ಪನ್ಯಾರಚುನ್ ಸರ್ಕಾರ ಇದನ್ನು ದೇಶವ್ಯಾಪಿಯಾಗಿಸಿತು. ಸಚಿವ ಮೆಚೈ ವೀರವೈದ್ಯ ರೇಡಿಯೊ, ಟೀವಿಗಳಲ್ಲಿ ಪ್ರಚಾರ ನಡೆಸಿದರು.

ಫಲವನ್ನು ತೋರಿಸಿದವರೂ ಸೈನಿಕರೇ. ಉತ್ತರ ಭಾಗದಿಂದ ಸೇರಿದವರಲ್ಲಿ ವೇಶ್ಯೆಯರೊಡನೆ ಕೊನೆಯ ಸಂಪರ್ಕದಲ್ಲಿ ಕಾಂಡೋಮ್ ಬಳಸಿದವರು 1991ರಲ್ಲಿ ಶೇ 61 ಇದ್ದರೆ, 1995ರಲ್ಲಿ ಶೇ 92.5. ಅಲ್ಲಿಗೆ ಹೋಗುವವರೂ ಕಡಿಮೆಯಾದರು. 1995ರಲ್ಲಿ ಸೋಂಕು ಶೇ 6.7ಕ್ಕೆ ಇಳಿಯಿತು. ಅದೇ ಸೇನೆಯಲ್ಲಿ ಕುಡಿತ, ಗೆಳೆಯರ ಒತ್ತಾಯಗಳನ್ನು ಕುರಿತು ಸಣ್ಣ ಗುಂಪುಗಳಲ್ಲಿ ತರಬೇತಿ ಕೊಟ್ಟು ನೋಡಲಾಯಿತು. ತರಬೇತಿ ಪಡೆದವರಲ್ಲಿ ಹೊಸ ಲೈಂಗಿಕ ರೋಗಗಳು ಉಳಿದವರಿಗಿಂತ ಏಳು ಪಟ್ಟು ಕಡಿಮೆ ಎಂದು 2000ದಲ್ಲಿ ಪ್ರಕಟವಾದ ಅಧ್ಯಯನ ಹೇಳಿತು.

ಸೇವೆ ಮುಗಿಸಿದ ಹುಡುಗರು ಊರಿಗೆ ಮರಳಿ ಮದುವೆಯಾಗುತ್ತಿದ್ದರು. ಆದ್ದರಿಂದ ಬ್ಯಾರಕ್ಕಿನಲ್ಲಿ ತಪ್ಪಿದ ಒಂದೊಂದು ಸೋಂಕೂ ಹಳ್ಳಿಯ ಹೆಂಡತಿಯನ್ನು, ಹುಟ್ಟಲಿರುವ ಮಗುವನ್ನು ಕಾಪಾಡಿತು. ಮುಂದೆ ಗರ್ಭಿಣಿಯರ ಪರೀಕ್ಷೆ ಮತ್ತು ಔಷಧಗಳೂ ಜೊತೆಗೂಡಿದವು. ತಾಯಿಯಿಂದ ಮಗುವಿಗೆ ಎಚ್‌ಐವಿ ದಾಟುವುದನ್ನು ನಿವಾರಿಸಿದ ಏಷ್ಯಾದ ಮೊದಲ ದೇಶವೆಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಮನ್ನಣೆ ಕೊಟ್ಟದ್ದು ಥಾಯ್ಲೆಂಡಿಗೇ.