ಮೇಜಿನ ಮೇಲೊಂದು ಭೋರ್ ಘಾಟ್

ಮುಂಬಯಿಯಿಂದ ಸೊಲ್ಲಾಪುರದ ಮಾರ್ಗವಾಗಿ ಕಲಬುರಗಿಗೋ ರಾಯಚೂರಿಗೋ ಹೊರಟ ನಮ್ಮಂಥವರಿಗೆ ಕರ್ಜತ್ ನಿಲ್ದಾಣದ ಕುಲುಕು ಪರಿಚಿತವಾದುದು. ಪ್ಲಾಟ್‌ಫಾರ್ಮಿನಲ್ಲಿ ವಡಾಪಾವ್ ಮಾರುವವರ ಕೂಗು ಏಳುತ್ತಿರುವಾಗಲೇ ಗಾಡಿಯ ಹಿಂಬದಿಗೆ ಬೇರೆ ಎಂಜಿನ್‌ಗಳು ಬಂದು ತಗುಲಿಕೊಳ್ಳುತ್ತವೆ. ಬ್ಯಾಂಕರ್ ಎಂದು ಅವುಗಳ ಹೆಸರು. ಮುಂದಿನ ಎಂಜಿನ್ ಎಳೆಯುತ್ತದೆ, ಹಿಂದಿನವು ನೂಕುತ್ತವೆ. ಸುರಂಗದಿಂದ ಸುರಂಗಕ್ಕೆ ಬೆಳಕು ಕತ್ತಲೆಗಳು ಸರಿಯುತ್ತ ಗಾಡಿ ಲೋಣಾವಳಕ್ಕೆ ಏರುತ್ತದೆ. ಕಿಟಕಿಯ ಪಕ್ಕ ಕುಳಿತು ಈ ಘಟ್ಟವನ್ನು ಎಷ್ಟೋ ಸಲ ದಾಟಿದ ನಮಗೆ, ಅದರ ಚರಿತ್ರೆಯನ್ನು ವಿಚಾರಿಸುವ ಸಂದರ್ಭ ಒದಗಿದ್ದು ಮಾತ್ರ ಒಂದು ಆಟಿಕೆಯ ನೆಪದಿಂದ.

ಆಟಿಕೆ ಎಂದರೆ ಮಾದರಿ ರೈಲು. ನಮ್ಮ ಬಳಗದ ಹಿರಿಯರೊಬ್ಬರು ನಿವೃತ್ತರಾದ ಮೇಲೆ ಮನೆಯ ಹಜಾರದ ಒಂದು ಗೋಡೆಯನ್ನು ಇದಕ್ಕಾಗಿ ಬಿಟ್ಟುಕೊಟ್ಟರು. ನಾಲ್ಕು ಮೀಟರ್ ಉದ್ದ, ಮುಕ್ಕಾಲು ಮೀಟರ್ ಅಗಲ: ಮುಂಬಯಿಯ ಮನೆಯಲ್ಲಿ ಇದು ಅಲ್ಪ ದಾನವಲ್ಲ. ಅದರ ಮೇಲೆ ನಿಜವಾದ ಒಂದು ಬೆಟ್ಟದ ರೈಲುಮಾರ್ಗವನ್ನು ಕಟ್ಟಬೇಕೆಂದು ನಾವು ನಾಲ್ಕೈದು ಜನ ಕಲೆತೆವು. ಯಾವ ಮಾರ್ಗ ಎಂಬುದು ಮೊದಲ ಪ್ರಶ್ನೆಯಾಯಿತು.

ಜಗತ್ತಿನ ಮಾದರಿಕಾರರೆಲ್ಲ ಬೆಟ್ಟದ ಪುಟ್ಟ ರೈಲುಗಳಿಗೆ ಮನಸೋಲುವುದಕ್ಕೆ ಕಾರಣವಿದೆ. 1881ರಲ್ಲಿ ಪೂರ್ಣಗೊಂಡ ಡಾರ್ಜಿಲಿಂಗ್ ಮಾರ್ಗದ ಹಳಿಗಳ ಅಂತರ ಕೇವಲ ಎರಡು ಅಡಿ. ಅದರ ಅತ್ಯಂತ ಬಿಗಿಯಾದ ತಿರುವಿನ ತ್ರಿಜ್ಯ ಸುಮಾರು 18 ಮೀಟರ್. ನೂರರಲ್ಲಿ ಒಂದು ಪಾಲಿಗೆ ಇಳಿಸಿದರೆ ಅದು 18 ಸೆಂಟಿಮೀಟರ್ ಆಗುತ್ತದೆ; ಯಾವ ಮೋಸವನ್ನೂ ಮಾಡದೆ ಮೇಜಿನ ಮೇಲೆ ಹಾಸಬಹುದು. 1907ರಲ್ಲಿ ಆರಂಭವಾದ ನೇರಳ್–ಮಾಥೇರಾನ್ ಗಾಡಿಯೂ ಅದೇ ಜಾತಿಯದು. ನೀಲಗಿರಿಯದು ಬೇರೆ ಬಗೆ. ಅಲ್ಲಿ ಹನ್ನೆರಡೂವರೆ ಅಡಿ ಸಾಗುವುದರೊಳಗೆ ಒಂದು ಅಡಿ ಏರಬೇಕಾದ ಕಡೆಗಳಿವೆ. ಆದುದರಿಂದ ಎರಡು ಹಳಿಗಳ ನಡುವೆ ಹಲ್ಲಿನ ಕಂಬಿಯನ್ನಿಟ್ಟು, ಎಂಜಿನ್ನಿನ ಹಲ್ಲುಗಾಲಿ ಅದನ್ನು ಕಚ್ಚಿಕೊಂಡು ಹತ್ತುವಂತೆ ಮಾಡಿದರು. ಈ ಮೂರರಲ್ಲಿ ಯಾವುದನ್ನು ಆರಿಸಿಕೊಂಡಿದ್ದರೂ ಕೆಲಸ ಹಗುರವಾಗುತ್ತಿತ್ತು. ಆದರೆ ಹಿರಿಯರು ಒಪ್ಪಲಿಲ್ಲ. "ನಾವು ಬಂದದ್ದು ಯಾವ ದಾರಿಯಿಂದ? ಅದನ್ನೇ ಕಟ್ಟೋಣ" ಎಂದರು. ಹಾಗೆ ಭೋರ್ ಘಾಟ್ ನಮ್ಮ ಪಾಲಿಗೆ ಬಂತು.

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕರ ಗಾಡಿಯನ್ನು ಓಡಿಸಿದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಮೂರೇ ವರ್ಷಗಳಲ್ಲಿ ಘಟ್ಟದ ಬುಡವನ್ನು ಮುಟ್ಟಿತು. ಮೇಲೆ ಖಂಡಾಲದಿಂದ ಪುಣೆಯವರೆಗೆ 1858ರಲ್ಲಿ ಗಾಡಿ ಓಡಿತು. ನಡುವೆ ಉಳಿದದ್ದು ಸಹ್ಯಾದ್ರಿ. ಪ್ರಯಾಣಿಕರು ಖೋಪೋಲಿಯಲ್ಲಿ ಇಳಿದು ಪಲ್ಲಕ್ಕಿಯಲ್ಲೋ ತಟ್ಟುಗಳ ಮೇಲೋ ಘಟ್ಟವೇರಿ, ಖಂಡಾಲದಲ್ಲಿ ಮತ್ತೆ ರೈಲು ಹತ್ತುತ್ತಿದ್ದರು. ಈ ಅಂತರವನ್ನು ತುಂಬುವ ಮಾರ್ಗವನ್ನು ರೂಪಿಸಿದವರು ಕಂಪನಿಯ ಮುಖ್ಯ ಎಂಜಿನಿಯರ್ ಜೇಮ್ಸ್ ಜಾನ್ ಬರ್ಕ್ಲಿ. ಸುಮಾರು 25 ಕಿಲೋಮೀಟರ್ ಉದ್ದ, 558 ಮೀಟರ್ ಏರು, 25 ಸುರಂಗಗಳು, 8 ಕಮಾನು ಸೇತುವೆಗಳು. ಅತಿ ಕಡಿದಾದ ಕಡೆ 37 ಅಡಿಗೆ ಒಂದು ಅಡಿಯಂತೆ ಏರು. 1863ರಲ್ಲಿ ಮಾರ್ಗ ತೆರೆಯಿತು. ಅದನ್ನು ನೋಡಲು ಬರ್ಕ್ಲಿ ಉಳಿದಿರಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದರು.

ಅವರ ಮಾರ್ಗದಲ್ಲಿ ಇಂದಿನ ಪ್ರಯಾಣಿಕರು ಕಾಣದ ಒಂದು ವಿಶೇಷವಿತ್ತು. ಖಂಡಾಲದ ಕೆಳಗೆ ಬೆಟ್ಟದ ಏಣು ತೀರ ಕಿರಿದಾಗುತ್ತದೆ. ಅಲ್ಲಿ ಹಳಿಯನ್ನು ಬಳಸಿ ತಿರುಗಿಸುವಷ್ಟು ನೆಲವಿಲ್ಲ. ಹಾಗಾಗಿ ಅವರು ಹಳಿಯನ್ನು ಏಣಿನ ಅಂಚಿಗೆ ಒಯ್ದು ನಿಲ್ಲಿಸಿದರು. ಏರಿ ಬಂದ ಗಾಡಿ ಅಲ್ಲಿ ನಿಲ್ಲುತ್ತಿತ್ತು. ಎಂಜಿನ್ ಕಳಚಿಕೊಂಡು ಪಕ್ಕದ ಹಳಿಯಿಂದ ಸುತ್ತಿ ಬಂದು ಇನ್ನೊಂದು ತುದಿಗೆ ಕಟ್ಟಿಕೊಳ್ಳುತ್ತಿತ್ತು. ಬಾಲ ತಲೆಯಾಗಿ, ತಲೆ ಬಾಲವಾಗಿ ಗಾಡಿ ವಿರುದ್ಧ ದಿಕ್ಕಿಗೆ ಏರುತ್ತಿತ್ತು. ಇದಕ್ಕೆ ರಿವರ್ಸಿಂಗ್ ಸ್ಟೇಷನ್ ಎಂದೇ ಹೆಸರಾಯಿತು. 1865ರಲ್ಲಿ ತೆರೆದ ಥಳ್ ಘಾಟ್ ಮಾರ್ಗಕ್ಕೂ ಇದೇ ಉಪಾಯವನ್ನು ಬಳಸಿದರು. 1929ರಲ್ಲಿ ಭೋರ್ ಘಾಟಿಗೆ ವಿದ್ಯುತ್ತು ಬರುವ ಹೊತ್ತಿಗೆ ಹೊಸ ಸುರಂಗಗಳನ್ನು ಕೊರೆದು ಹಳಿಯನ್ನು ಬೇರೆ ಕಡೆಯಿಂದ ಒಯ್ದರು, ರಿವರ್ಸಿಂಗ್ ಸ್ಟೇಷನ್ ಮುಚ್ಚಿಹೋಯಿತು. ಅರವತ್ತಾರು ವರ್ಷ ಪ್ರತಿಯೊಂದು ಗಾಡಿಯೂ ನಿಂತು ತಿರುಗಿದ ಆ ತಾಣದ ಬಳಿ ಈಗ ಮುಂಬಯಿ–ಪುಣೆ ಎಕ್ಸ್‌ಪ್ರೆಸ್ ಹೆದ್ದಾರಿಯ ವಾಹನಗಳು ಭರದಿಂದ ಸಾಗುತ್ತವೆ.

ಇಷ್ಟನ್ನು ತಿಳಿದುಕೊಂಡು ನಾವು ಲೆಕ್ಕಕ್ಕೆ ಕುಳಿತೆವು. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಮಾದರಿ ಹಳಿಯ ಅಂತರ 16.5 ಮಿಲಿಮೀಟರ್. ಅದು ಯುರೋಪಿನ ಹಳಿಯನ್ನು 87ರಲ್ಲಿ ಒಂದು ಪಾಲಿಗೆ ಇಳಿಸಿದ ಅಳತೆ. ನಮ್ಮ ಬ್ರಾಡ್‌ಗೇಜ್ 1,676 ಮಿಲಿಮೀಟರ್ ಆದುದರಿಂದ ಅದೇ ಹಳಿ ನಮಗೆ ಹೆಚ್ಚುಕಡಿಮೆ ನೂರರಲ್ಲಿ ಒಂದು ಪಾಲಾಗುತ್ತದೆ. ನೂರರ ಪ್ರಮಾಣ ಲೆಕ್ಕಕ್ಕೂ ಅನುಕೂಲವೆಂದು ಸಂತೋಷಪಟ್ಟೆವು. ಆದರೆ ಆ ಪ್ರಮಾಣದಲ್ಲಿ ಘಟ್ಟದ ಉದ್ದ 250 ಮೀಟರ್, ಎತ್ತರ ಐದೂವರೆ ಮೀಟರಿಗೂ ಮೇಲೆ! ಇಡೀ ಘಟ್ಟವನ್ನು ಕಟ್ಟಬೇಕಾದರೆ ಕಟ್ಟಡದ ಎರಡು ಅಂತಸ್ತುಗಳನ್ನು ಒಡೆಯಬೇಕು. 300 ಮೀಟರ್ ತ್ರಿಜ್ಯದ ಒಂದು ಸಾಧಾರಣ ತಿರುವೇ ನಮ್ಮಲ್ಲಿ ಮೂರು ಮೀಟರ್ ತ್ರಿಜ್ಯವನ್ನು ಕೇಳುತ್ತದೆ. ಮೇಜಿನ ಅಗಲ ಮುಕ್ಕಾಲು ಮೀಟರ್.

ಆದುದರಿಂದ ಮಾದರಿಕಾರನು ಬಿಡಬೇಕಾಗುತ್ತದೆ. ಚರಿತ್ರೆ ಬರೆಯುವವನೂ ಬಿಡುತ್ತಾನೆ. ಆದರೆ ಅವನು ಬಿಟ್ಟದ್ದು ಪುಟದಲ್ಲಿ ಕಾಣುವುದಿಲ್ಲ, ಮೇಜಿನ ಮೇಲೆ ಬಿಟ್ಟದ್ದು ಕೂಡಲೇ ಕಾಣುತ್ತದೆ. ನಮ್ಮಲ್ಲಿ ಒಬ್ಬರಿಗೆ ಲೋಣಾವಳದ ನಿಲ್ದಾಣ ಬೇಕು, ಇನ್ನೊಬ್ಬರಿಗೆ ಸಾಲು ಸುರಂಗಗಳು ಬೇಕು. ಮತ್ತೊಬ್ಬರಿಗೆ 1928ರ ಸುಮಾರಿಗೆ ಬಂದ, ಸ್ಥಳೀಯರು ಏಡಿ ಎಂಬರ್ಥದಲ್ಲಿ ಖೇಕಡಾ ಎಂದು ಕರೆದ, ಉದ್ದ ಮೂತಿಯ ವಿದ್ಯುತ್ ಎಂಜಿನ್ ಬೇಕು. ಎಲ್ಲವನ್ನೂ ತುರುಕಿದರೆ ಅದು ಘಟ್ಟವಾಗದು, ಜಾತ್ರೆಯ ಅಂಗಡಿಯಾದೀತು. ಕಡೆಗೆ ಒಂದು ನಿಯಮಕ್ಕೆ ಬಂದೆವು: ಬೆಟ್ಟವು ಒಡ್ಡಿದ ತೊಡಕು, ಎಂಜಿನಿಯರನು ಅದಕ್ಕೆ ಕೊಟ್ಟ ಉತ್ತರ, ಇವೆರಡನ್ನು ಬಿಡಬಾರದು, ಉಳಿದುದನ್ನು ಬಿಡಬಹುದು. ಭೋರ್ ಘಾಟಿನ ತೊಡಕು ಆ ಕಿರಿದಾದ ಏಣು, ಉತ್ತರ ರಿವರ್ಸಿಂಗ್ ಸ್ಟೇಷನ್.

ನಿಯಮ ನಿಂತ ಮೇಲೆ ನಕ್ಷೆ ತಾನಾಗಿ ಮೂಡಿತು. ಬಲಗಡೆ ತಗ್ಗಿನಿಂದ ಹಳಿ ಮೂರು ಮೀಟರ್ ಏರುತ್ತ ಎಡಕ್ಕೆ ಬರುತ್ತದೆ. ಎಡ ತುದಿಯ ಒಂದು ಮೀಟರ್ ಸಮತಟ್ಟು, ಅಲ್ಲಿ ರಿವರ್ಸಿಂಗ್ ಸ್ಟೇಷನ್. ಮತ್ತೆ ಹಿಂಬದಿಯಿಂದ ಮೂರು ಮೀಟರ್ ಏರುತ್ತ ಬಲಕ್ಕೆ ಹೋಗಿ ಸುರಂಗದಲ್ಲಿ ಮರೆಯಾಗುತ್ತದೆ. 37ಕ್ಕೆ ಒಂದರ ಏರನ್ನು ಹಾಗೆಯೇ ಉಳಿಸಿಕೊಂಡರೆ ಒಂದೊಂದು ಏರಿಗೆ ಎಂಟು ಸೆಂಟಿಮೀಟರ್, ಒಟ್ಟು ಹದಿನಾರು. ಇಷ್ಟರಿಂದ ಬೆಟ್ಟದ ಭಾವನೆ ಬಂದೀತೇ ಎಂದು ಅಳುಕಿದೆವು. ಆಗ ಹೊಳೆದದ್ದು: ಕಿಟಕಿಯಲ್ಲಿ ಕುಳಿತವನಿಗೆ ಘಟ್ಟವೆನ್ನಿಸುವುದು ಹಳಿ ಏರಿದ ಎತ್ತರದಿಂದಲ್ಲ, ಹಳಿಯ ಕೆಳಗಿನ ಕಣಿವೆಯ ಆಳದಿಂದ. ಆದುದರಿಂದ ಮೇಜಿಗೆ ಹಲಗೆ ಹೊದಿಸದೆ ಬರಿಯ ಚೌಕಟ್ಟನ್ನು ನಿಲ್ಲಿಸಿದೆವು. ಹಳಿ ನೋಡುವವನ ಎದೆಯ ಮಟ್ಟಕ್ಕಿರುತ್ತದೆ, ಕಣಿವೆ ಅವನ ಮೊಣಕಾಲಿನವರೆಗೂ ಇಳಿಯುತ್ತದೆ. ಕಾಲವನ್ನೂ ಜಾಗವೇ ನಿರ್ಧರಿಸಿತು. ಇಂದಿನ ಒಂದು ಬೋಗಿ ನಮ್ಮ ಪ್ರಮಾಣದಲ್ಲಿ ಇಪ್ಪತ್ತು ಸೆಂಟಿಮೀಟರಿಗೂ ಉದ್ದ. 1860ರ ದಶಕದ ನಾಲ್ಕು ಗಾಲಿಯ ಡಬ್ಬಿ ಅದರ ಅರ್ಧವೂ ಇಲ್ಲ. ಅಂಥ ಐದಾರು ಡಬ್ಬಿಗಳೂ ಎಂಜಿನ್ನೂ ಒಂದು ಮೀಟರಿನ ನಿಲ್ದಾಣದಲ್ಲಿ ನೆಮ್ಮದಿಯಾಗಿ ನಿಲ್ಲುತ್ತವೆ. ಬಂಡೆಗಳಿಗೆ ಬಂದ ವಿದೇಶೀ ಅಚ್ಚುಗಳನ್ನು ಪಕ್ಕಕ್ಕಿಟ್ಟೆವು. ಅವು ಆಲ್ಪ್ಸ್ ಪರ್ವತದ ಚೂಪು ಬಂಡೆಗಳು. ಸಹ್ಯಾದ್ರಿಯದು ಲಾವಾ ಪದರಪದರವಾಗಿ ಹರಿದು ಹೆಪ್ಪುಗಟ್ಟಿದ ಕಪ್ಪು ಕಲ್ಲು, ಮೆಟ್ಟಿಲು ಕಡಿದಂತೆ ಅಡ್ಡಡ್ಡಲಾಗಿ ನಿಲ್ಲುವಂಥದು.

ಕೆಲಸ ಇಲ್ಲಿಗೆ ಬಂದಾಗ, ಬೊಂಬೆಗಳನ್ನು ಎಲ್ಲಿ ನಿಲ್ಲಿಸುವುದು ಎಂಬ ಮಾತೆದ್ದಿತು. ಸ್ಟೇಷನ್ ಮಾಸ್ತರ, ಗಾರ್ಡು, ಕೊಡೆ ಹಿಡಿದ ದೊರೆಸಾನಿ ಎಂದು ಪಟ್ಟಿ ಬೆಳೆಯುತ್ತಿರಲು ಹಿರಿಯರು ಕೇಳಿದರು: "ಈ ಸುರಂಗಗಳನ್ನು ಕೊರೆದವರು ಎಲ್ಲಿ?"

ನಾವು ಮತ್ತೆ ಚರಿತ್ರೆಗೆ ಮರಳಬೇಕಾಯಿತು. 1861ರಲ್ಲಿ ಈ ಘಟ್ಟದಲ್ಲಿ ದುಡಿಯುತ್ತಿದ್ದವರ ಸಂಖ್ಯೆ 42,000ವನ್ನು ದಾಟಿತ್ತು. ಕೈಯುಳಿ, ಸುತ್ತಿಗೆ, ಮದ್ದಿನ ಪುಡಿ. ಕಡಿದಾದ ಕಡೆಗಳಲ್ಲಿ ಹಗ್ಗದಿಂದ ತೂಗುಬಿದ್ದು ಬಂಡೆಗೆ ರಂಧ್ರ ಕೊರೆದರು. ಕಾಲರಾ ಮತ್ತು ಜ್ವರ ಅವರ ಗುಡಿಸಲುಗಳನ್ನು ಮತ್ತೆ ಮತ್ತೆ ಹೊಕ್ಕಿತು. ಸಾವಿರಾರು ಜನ ಸತ್ತರು. 1859ರಲ್ಲಿ ಕೂಲಿಯ ವಿಷಯವಾಗಿ ದಂಗೆಯೆದ್ದಿತು, ಮೊದಲ ಗುತ್ತಿಗೆದಾರ ಫೇವಿಯೆಲ್ ಕೆಲಸ ಬಿಟ್ಟರು. ಅವರ ಜಾಗಕ್ಕೆ ಅದೇ ವರ್ಷ ಬಂದ ಸಾಲೊಮನ್ ಟ್ರೆಡ್‌ವೆಲ್ ಕೆಲವೇ ವಾರಗಳಲ್ಲಿ ರೋಗದಿಂದ ತೀರಿಕೊಂಡರು. ಅವರ ಪತ್ನಿ ಆಲಿಸ್ ಟ್ರೆಡ್‌ವೆಲ್ ಗುತ್ತಿಗೆಯನ್ನು ಕೈಬಿಡದೆ ನಡೆಸಿದರು. ಬರ್ಕ್ಲಿ, ಫೇವಿಯೆಲ್, ಟ್ರೆಡ್‌ವೆಲ್ ದಂಪತಿಗಳ ಹೆಸರು ನಮಗೆ ಪುಸ್ತಕದಲ್ಲಿ ಸಿಗುತ್ತದೆ. ಆ ನಲವತ್ತೆರಡು ಸಾವಿರದಲ್ಲಿ ಒಬ್ಬರ ಹೆಸರೂ ನಮಗೆ ಸಿಗಲಿಲ್ಲ.

ನಮ್ಮಲ್ಲೊಬ್ಬರು ಸುಮ್ಮನೆ ಒಂದು ಲೆಕ್ಕ ಹಾಕಿದರು. ನೂರರ ಪ್ರಮಾಣದಲ್ಲಿ ಮನುಷ್ಯನ ಎತ್ತರ ಒಂದೂಮುಕ್ಕಾಲು ಸೆಂಟಿಮೀಟರಿಗೂ ಕಡಿಮೆ; ನಿಲ್ಲಲು ಒಂದು ಚದರ ಸೆಂಟಿಮೀಟರ್ ಸಾಕು. ನಮ್ಮ ಮೇಜಿನ ವಿಸ್ತಾರ 30,000 ಚದರ ಸೆಂಟಿಮೀಟರ್. ಬೆಟ್ಟ, ಕಣಿವೆ, ಹಳಿ, ನಿಲ್ದಾಣ ಎಲ್ಲವನ್ನೂ ಕಿತ್ತೆಸೆದು ಭುಜಕ್ಕೆ ಭುಜ ತಾಗಿಸಿ ನಿಲ್ಲಿಸಿದರೂ ಹನ್ನೆರಡು ಸಾವಿರ ಜನ ಹೊರಗೆ ಉಳಿಯುತ್ತಾರೆ. ಘಟ್ಟವನ್ನು ಮೇಜಿಗೆ ಇಳಿಸಲಾಗದೆಂದು ನಾವು ಅಷ್ಟು ದಿನ ಕೊರಗಿದ್ದೆವು. ಅದನ್ನು ಕಟ್ಟಿದ ಜನರೇ ಅಲ್ಲಿ ಹಿಡಿಯುವುದಿಲ್ಲ ಎಂಬುದು ಆ ಸಂಜೆ ತಿಳಿಯಿತು.

ಗಾಡಿ ಓಡುವ ಕಾಲದಲ್ಲಿ ಸುರಂಗ ಕೊರೆಯುವವರನ್ನು ತೋರಿಸಿದರೆ ಕಾಲದೋಷವಾಗುತ್ತದೆ. ಇದಕ್ಕೂ ಚರಿತ್ರೆಯೇ ದಾರಿ ಕೊಟ್ಟಿತು. 1867ರ ಜುಲೈ ತಿಂಗಳ ಮಳೆಯಲ್ಲಿ ಈ ಘಟ್ಟದ ಒಂದು ಕಮಾನು ಸೇತುವೆ ಕುಸಿದುಬಿತ್ತು. ಅವಸರದ ಕಲ್ಲುಗೆಲಸ ಬಯಲಾಯಿತು. ಉಪ್ಪಾರರೂ ಕೂಲಿಗಳೂ ಮತ್ತೆ ಘಟ್ಟ ಹತ್ತಬೇಕಾಯಿತು. ಹಾಗಾಗಿ ನಮ್ಮ ಮೇಜಿನ ಕಾಲ 1868ರ ಬೇಸಗೆ. ಕೆಳಗಿನ ಏರಿನ ಪಕ್ಕದಲ್ಲಿ ಒಂದು ಕಮಾನಿಗೆ ಸಾರುವೆ ಕಟ್ಟಿದೆ. ಕಲ್ಲು ಹೊರುವ ಹೆಂಗಸರು, ಗಾರೆ ಕಲಸುವವರು, ಸ್ವಲ್ಪ ದೂರದಲ್ಲಿ ಹುಲ್ಲಿನ ಗುಡಿಸಲುಗಳು. ಸ್ಟೇಷನ್ ಮಾಸ್ತರನಿಗಿಂತ ಅವರು ನೋಡುವವರ ಕಣ್ಣಿಗೆ ಹತ್ತಿರವಾಗಿದ್ದಾರೆ. ಒಟ್ಟು ಎಂಬತ್ತನಾಲ್ಕು ಬೊಂಬೆಗಳು: ಐನೂರು ಜನರಿಗೆ ಒಂದರಂತೆ.

1871ರಲ್ಲಿ ಈ ಕಂಪನಿಯ ಹಳಿ ರಾಯಚೂರಿನಲ್ಲಿ ಮದರಾಸು ರೈಲ್ವೆಯ ಹಳಿಯನ್ನು ಕೂಡಿಕೊಂಡಿತು. ಅಂದಿನಿಂದ ಕಲಬುರಗಿ, ರಾಯಚೂರು ಸೀಮೆಯವರು ಹೊಟ್ಟೆಪಾಡಿಗಾಗಿ ಮುಂಬಯಿಗೆ ರೈಲಿನಲ್ಲಿ ಬರತೊಡಗಿದಾಗ ಇಳಿದದ್ದು ಇದೇ ಘಟ್ಟವನ್ನು. ನಮ್ಮ ಹಿರಿಯರ ಅಜ್ಜ ಬಂದ ಕಾಲಕ್ಕೆ ರಿವರ್ಸಿಂಗ್ ಸ್ಟೇಷನ್ ಇನ್ನೂ ಇತ್ತಂತೆ. ಗಾಡಿ ಹಿಂದುಮುಂದಾಗಿ ಹೊರಟಾಗ, ಊರಿಗೇ ವಾಪಸು ಒಯ್ಯುತ್ತಿದ್ದಾರೆಂದು ಅವರು ಗಾಬರಿಗೊಂಡಿದ್ದರೆಂದು ಮನೆಯಲ್ಲಿ ಹೇಳುತ್ತಿದ್ದರಂತೆ. ಕಳೆದ ಭಾನುವಾರ ಮೊದಲ ಸಲ ಎಂಜಿನ್ ಕಳಚಿ, ಸುತ್ತಿಸಿ, ಇನ್ನೊಂದು ತುದಿಗೆ ಕಟ್ಟಿ ಗಾಡಿಯನ್ನು ಹೊರಡಿಸಿದಾಗ ಅವರು ಎರಡನೆಯ ಸಲವೂ ಮಾಡಿಸಿದರು. ಹಿಂದಿನ ಸುರಂಗದ ಬಾಯಿಗೆ ಬಣ್ಣ ಹಚ್ಚುವುದು ಇನ್ನೂ ಬಾಕಿಯಿದೆ.