ನೆಲಮಾಳಿಗೆಯಲ್ಲಿ ಹುಟ್ಟಿದ ಜಾತ್ರೆ

ಅಮೆರಿಕದ ಸ್ಯಾನ್ ಡಿಯಾಗೋ ನಗರದಲ್ಲಿ ಪ್ರತಿ ಬೇಸಿಗೆಯಲ್ಲಿ ನಡೆಯುವ ‘ಕಾಮಿಕ್ ಕಾನ್’ ಎಂಬ ಅಭಿಮಾನಿಗಳ ಜಾತ್ರೆಗೆ ಸೇರುವವರು ಒಂದು ಲಕ್ಷ ಮೂವತ್ತು ಸಾವಿರಕ್ಕೂ ಹೆಚ್ಚು. ಬ್ಯಾಟ್‌ಮನ್ ವೇಷದ ಅಪ್ಪನ ಹೆಗಲ ಮೇಲೆ ಬ್ಯಾಟ್‌ಮನ್ ವೇಷದ ಮಗ ಕೂತಿರುವುದು ಅಲ್ಲಿ ಯಾರಿಗೂ ವಿಚಿತ್ರವಲ್ಲ. ಹೊಸ ಚಿತ್ರಗಳ ತುಣುಕು ತೋರಿಸಲು ಹಾಲಿವುಡ್‌ನ ದೊಡ್ಡ ಕಂಪೆನಿಗಳೇ ಬರುತ್ತವೆ. ಆದರೆ ಇದನ್ನು ಹುಟ್ಟುಹಾಕಿದವರು ಸಿನಿಮಾದವರಲ್ಲ, ಹಳೆಯ ಕಾಮಿಕ್ಸ್ ಪುಸ್ತಕಗಳ ಹುಚ್ಚು ಹತ್ತಿಸಿಕೊಂಡಿದ್ದ ಬೆರಳೆಣಿಕೆಯ ಓದುಗರು.

ಕಾಮಿಕ್ಸ್ ಓದುವುದು ಆಗ ಮರ್ಯಾದೆಯ ಕೆಲಸವೇನಾಗಿರಲಿಲ್ಲ. ಈ ಪುಸ್ತಕಗಳು ಮಕ್ಕಳನ್ನು ಅಪರಾಧದ ದಾರಿಗೆ ಎಳೆಯುತ್ತವೆ ಎಂದು ಮನೋವೈದ್ಯ ಫ್ರೆಡ್ರಿಕ್ ವರ್ಥಮ್ 1954ರಲ್ಲಿ ಒಂದು ಗ್ರಂಥವನ್ನೇ ಬರೆದರು. ಸೆನೆಟ್ ಉಪಸಮಿತಿ ವಿಚಾರಣೆಗೆ ಕೂತಿತು. ಹೆದರಿದ ಪ್ರಕಾಶಕರು ಅದೇ ವರ್ಷ ತಮ್ಮ ಮೇಲೆ ತಾವೇ ಸೆನ್ಸಾರ್ ಹೇರಿಕೊಂಡರು. ಹತ್ತು ಸೆಂಟ್‌ಗೆ ಸಿಗುತ್ತಿದ್ದ ಈ ಪುಸ್ತಕಗಳು ಓದಿ ಬಿಸಾಡುವ ಸರಕು. ಹಳೆಯ ಸಂಚಿಕೆ ಬೇಕೆಂದರೆ ತನ್ನಂಥದೇ ಇನ್ನೊಬ್ಬ ಹುಚ್ಚನನ್ನು ಹುಡುಕಿಕೊಂಡು ಹೋಗಬೇಕು. ಅಭಿಮಾನಿಗಳ ಕೂಟಗಳಿಗೆ ಮೂಲ ಈ ಹುಡುಕಾಟವೇ.

ಕೂಟದ ಮಾದರಿ ಮೊದಲೇ ಇತ್ತು. ವಿಜ್ಞಾನ ಕಥೆಗಳ ಓದುಗರು 1930ರ ದಶಕದಲ್ಲೇ ಸಮ್ಮೇಳನ ನಡೆಸುತ್ತಿದ್ದರು. ‘ಕನ್ವೆನ್ಷನ್’ ಮೊಟಕಾಗಿ ‘ಕಾನ್’ ಆದದ್ದು ಅವರ ಬಾಯಲ್ಲಿ. 1964ರಲ್ಲಿ ನ್ಯೂಯಾರ್ಕಿನ ಕಾಮಿಕ್ಸ್ ಪ್ರಿಯರೂ ಸಭೆ ಸೇರಿದರು. ಡೆಟ್ರಾಯಿಟ್‌ನಲ್ಲಿ ಇಂಥ ಕೂಟ ಕಟ್ಟಿದ್ದ ಶೆಲ್ ಡಾರ್ಫ್ ಸ್ಯಾನ್ ಡಿಯಾಗೋಗೆ ಬಂದು ನೆಲೆಸಿದಾಗ ಅಲ್ಲಿನ ಹದಿಹರೆಯದ ಹುಡುಗರ ಗುಂಪೊಂದು ಜತೆಯಾಯಿತು. ಅವರಲ್ಲೊಬ್ಬ ರಿಚರ್ಡ್ ಆಲ್ಫ್. ಅಂಚೆಯಲ್ಲಿ ಹಳೆಯ ಕಾಮಿಕ್ಸ್ ಮಾರುತ್ತಿದ್ದ ಈತನದೇ ಆರಂಭದ ಬಂಡವಾಳ. ಹಿರಿಯರ ಪೈಕಿ ಪುಸ್ತಕದಂಗಡಿಯ ಕೆನ್ ಕ್ರೂಗರ್ ಇದ್ದರು.

1970ರ ಮಾರ್ಚ್ 21ರಂದು ಯು.ಎಸ್. ಗ್ರಾಂಟ್ ಹೋಟೆಲಿನ ನೆಲಮಾಳಿಗೆಯಲ್ಲಿ ಒಂದು ದಿನದ ಪ್ರಯೋಗ ನಡೆಯಿತು. ಬಂದವರು ನೂರರ ಆಸುಪಾಸು. ಆಗಸ್ಟ್‌ನಲ್ಲಿ ಮೂರು ದಿನಗಳ ನಿಜವಾದ ಸಮ್ಮೇಳನ. ಆಗ ಸುಮಾರು 300 ಜನ. ಅತಿಥಿಗಳು ಕಾದಂಬರಿಕಾರ ರೇ ಬ್ರಾಡ್‌ಬರಿ ಮತ್ತು ಕ್ಯಾಪ್ಟನ್ ಅಮೆರಿಕದ ಸೃಷ್ಟಿಕರ್ತರಲ್ಲೊಬ್ಬರಾದ ಜ್ಯಾಕ್ ಕರ್ಬಿ. ಕಾಮಿಕ್ಸ್ ಕಲಾವಿದ ಅಲ್ಲಿಯವರೆಗೆ ಓದುಗನ ಪಾಲಿಗೆ ಹೆಸರು ಮಾತ್ರ. ಎಷ್ಟೋ ಪುಸ್ತಕಗಳಲ್ಲಿ ಆ ಹೆಸರೂ ಇರುತ್ತಿರಲಿಲ್ಲ. ಇಲ್ಲಿ ಹುಡುಗರು ಆತನೆದುರು ನಿಂತು ಪ್ರಶ್ನೆ ಕೇಳಿದರು. ಈ ಸಮ್ಮೇಳನದ ದೊಡ್ಡ ಸಾಧನೆ ಇದೇ ಎಂದು ನನಗನ್ನಿಸುತ್ತದೆ.

ಸಿನಿಮಾ ಒಳಬಂದದ್ದು ಸದ್ದಿಲ್ಲದೆ. 1976ರಲ್ಲಿ, ಇನ್ನೂ ತೆರೆ ಕಾಣದ ‘ಸ್ಟಾರ್ ವಾರ್ಸ್’ನ ಪ್ರಚಾರಕ್ಕೆಂದು ಬಂದವರು ಸ್ಲೈಡ್‌ಗಳನ್ನು ತೋರಿಸಿ, ಪೋಸ್ಟರನ್ನು ಒಂದೂಮುಕ್ಕಾಲು ಡಾಲರ್‌ಗೆ ಮಾರಿದರು. ಮರುವರ್ಷ ಚಿತ್ರ ಬಿಡುಗಡೆಯಾಗಿ ಇತಿಹಾಸ ಮಾಡಿತು. ಅಭಿಮಾನಿಯನ್ನು ಮೊದಲು ಒಲಿಸಿಕೊಂಡರೆ ಆತನೇ ಡಂಗುರ ಸಾರುತ್ತಾನೆಂಬ ಲೆಕ್ಕ ಕಂಪೆನಿಗಳಿಗೆ ಹೊಳೆಯಿತು. 1991ರಲ್ಲಿ ಜಾತ್ರೆ ನಗರದ ವಿಶಾಲ ಸಮಾವೇಶ ಕೇಂದ್ರಕ್ಕೆ ಸ್ಥಳಾಂತರವಾಯಿತು. ಅದರ ‘ಹಾಲ್ ಎಚ್’ನಲ್ಲಿ ಸುಮಾರು 6,500 ಆಸನಗಳು, ಅದಕ್ಕೂ ಜನ ಹಿಂದಿನ ರಾತ್ರಿಯೇ ಬಂದು ಫುಟ್‌ಪಾತಿನಲ್ಲಿ ಮಲಗುತ್ತಾರೆ.

‘ಕಾಮಿಕ್ ಕಾನ್’ ಹೆಸರು ಊರೂರಿಗೆ ಹರಡಿತು. 2011ರಲ್ಲಿ ದೆಹಲಿಯಲ್ಲಿ, ಮರುವರ್ಷ ಬೆಂಗಳೂರಿನಲ್ಲಿ ಇದೇ ಹೆಸರಿನ ಮೇಳಗಳು ಆರಂಭವಾದವು. ದೆಹಲಿಯ ಮೊದಲ ಮೇಳದಲ್ಲಿ ಜೀವಮಾನ ಸಾಧನೆಯ ಪ್ರಶಸ್ತಿ ಸಂದದ್ದು ‘ಅಮರ ಚಿತ್ರಕಥೆ’ಯ ಅನಂತ ಪೈ ಅವರಿಗೆ. ಕಾರ್ಕಳದಲ್ಲಿ ಹುಟ್ಟಿದ ಅವರು ಅದಾಗಿ ಐದೇ ದಿನಗಳಲ್ಲಿ ತೀರಿಕೊಂಡರು.

ಅಮೆರಿಕದಲ್ಲಿ ಮಾತ್ರ ಈ ಹೆಸರು ಕೋರ್ಟಿನ ಮೆಟ್ಟಿಲೇರಿತು. ಸ್ಯಾನ್ ಡಿಯಾಗೋದ ಸಂಘಟನೆ ಇಂದಿಗೂ ಲಾಭರಹಿತ ಸಂಸ್ಥೆಯೇ. ಆದರೂ 2014ರಲ್ಲಿ ಅದು ಸಾಲ್ಟ್ ಲೇಕ್ ನಗರದ ಮೇಳದವರ ಮೇಲೆ ದಾವೆ ಹೂಡಿತು. 2017ರ ಡಿಸೆಂಬರ್‌ನಲ್ಲಿ ಜ್ಯೂರಿ ಸ್ಯಾನ್ ಡಿಯಾಗೋ ಪರವಾಗಿ ತೀರ್ಪಿತ್ತು 20 ಸಾವಿರ ಡಾಲರ್ ಪರಿಹಾರ ಕೊಡಿಸಿತು. ‘ಕಾನ್’ ಎಂಬ ತುಂಡು ಪದವನ್ನು ದುಡ್ಡಿಲ್ಲದ ಓದುಗರು ಟಂಕಿಸಿದ್ದೆಂಬುದನ್ನು ನೆನೆದರೆ ಈ ಗೆಲುವಿಗೆ ಚಪ್ಪಾಳೆ ತಟ್ಟಲು ಕೈ ಬರುವುದಿಲ್ಲ.

ಅದೇ 2017ರಲ್ಲಿ ಇನ್ನೊಂದು ಸುದ್ದಿಯೂ ಬಂತು. ಡೆನ್ವರ್‌ನ ಮೈಲ್ ಹೈ ಕಾಮಿಕ್ಸ್ ಎಂಬ ಹಳೆಯ ಪುಸ್ತಕಗಳ ಅಂಗಡಿ 44 ವರ್ಷ ಈ ಜಾತ್ರೆಯಲ್ಲಿ ಮಳಿಗೆ ಹಾಕಿತ್ತು. ಖರ್ಚು ಗಿಟ್ಟುತ್ತಿಲ್ಲವೆಂದು ಅದು ಆ ವರ್ಷ ಬರುವುದನ್ನು ನಿಲ್ಲಿಸಿತು.